ನಾರುಹುಣ್ಣು ಮತ್ತು ತಾಳ್ಮೆ

2015ರಲ್ಲಿ ದೇಶದಲ್ಲಿ ಜಂತುಹುಳು ನಿವಾರಣಾ ದಿನ ಆರಂಭವಾದ ಮೇಲೆ, ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಅಗಿಸುವುದೂ ನಮ್ಮ ಮಾಸ್ತರಿಕೆಯ ಒಂದು ಭಾಗವಾಗಿದೆ. ಹಾಗೊಮ್ಮೆ ಆನೆಗೊಂದಿಯ ನಮ್ಮ ಶಾಲೆಯಲ್ಲಿ ಮಾತ್ರೆ ಹಂಚುತ್ತಿದ್ದಾಗ ಆರನೇ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಹುಳ ಹೊಟ್ಟ್ಯಾಗ ಇದ್ರೂ ನಮಗ ಯಾಕ ಗೊತ್ತಾಗಂಗಿಲ್ರಿ?”

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ತಿಳಿದುಕೊಂಡೆ. ರೋಗಾಣುವನ್ನು ನುಂಗಿಹಾಕುವ ಬಿಳಿರಕ್ತಕಣಕ್ಕೆ ಹುಳು ಬಲು ದೊಡ್ಡ ತುತ್ತು. ಆದ್ದರಿಂದ ದೇಹ ಬೇರೆ ಉಪಾಯ ಹೂಡುತ್ತದೆ. ಐಜಿಇ ಎಂಬ ಪ್ರತಿಕಾಯವನ್ನೂ ಇಯೊಸಿನೊಫಿಲ್ ಎಂಬ ಬಿಳಿಕಣಗಳನ್ನೂ ಹೆಚ್ಚಿಸುತ್ತದೆ. ಕರುಳಿನಲ್ಲಿ ಲೋಳೆ ಸುರಿಸಿ ಹುಳುವನ್ನು ಹೊರದಬ್ಬಲು ನೋಡುತ್ತದೆ. ಆದರೆ ಕಾದಾಟ ಮಿತಿಮೀರಿದರೆ ನಮ್ಮ ಮಾಂಸಕ್ಕೇ ಕೇಡು. ಅದನ್ನು ತಡೆಯಲೆಂದೇ ನಮ್ಮೊಳಗೆ ಸಮಾಧಾನದ ಕಣಗಳೂ ಇವೆ. ಹುಳು ಚತುರ, ತಾನು ಸ್ರವಿಸುವ ವಸ್ತುಗಳಿಂದ ಈ ಸಮಾಧಾನವನ್ನೇ ಹೆಚ್ಚಿಸಿ, ಅದರ ನೆರಳಲ್ಲಿ ಬದುಕುತ್ತದೆ.

ನನ್ನ ಅಜ್ಜಿಯ ಕಾಲು ನೆನಪಾಯಿತು. ಆನೆಗೊಂದಿಯ ನಮಗೆ ತುಂಗಭದ್ರೆಯಿದ್ದಾಳೆ. ಆದರೆ ಅವ್ವನ ತವರು, ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಕುಷ್ಟಗಿ ಕಡೆಯ ಹಳ್ಳಿ. ಅಲ್ಲಿ ಮೆಟ್ಟಿಲುಬಾವಿಯ ನೀರೇ ಗತಿ. ಆ ನೀರಿನ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಜೊತೆ ನಾರುಹುಣ್ಣಿನ ಮರಿ ಹೊಟ್ಟೆ ಸೇರುತ್ತಿತ್ತು. ಸುಮಾರು ಒಂದು ವರ್ಷ ಸದ್ದಿಲ್ಲ, ಸುದ್ದಿಯಿಲ್ಲ. ಆಮೇಲೆ ಕಾಲಲ್ಲಿ ಬೊಬ್ಬೆ ಎದ್ದು, ಒಡೆದು, ಎರಡು ಮೂರು ಅಡಿ ಉದ್ದದ ಹುಳು ಹೊರಗಿಣುಕುತ್ತಿತ್ತು. ಉರಿ ತಾಳದೆ ಕಾಲನ್ನು ಬಾವಿಗೆ ಇಳಿಬಿಟ್ಟರೆ ಮರಿಗಳು ಮತ್ತೆ ನೀರಿಗೆ. ಒಮ್ಮೆ ಬಂದವರಿಗೆ ಮತ್ತೆ ಬರುತ್ತಿತ್ತು. ದೇಹ ಪಾಠ ಕಲಿಯುತ್ತಲೇ ಇರಲಿಲ್ಲ.

ಅಜ್ಜಿ ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಂಚು, ಎರಡು ಇಂಚು ಎಳೆಯುತ್ತಿದ್ದಳು. “ಅವಸರ ಮಾಡಬಾರದವ್ವಾ, ಹರದ್ರ ಕಾಲು ಹೋಗ್ತೈತಿ” ಎನ್ನುತ್ತಿದ್ದಳು. ತುಂಡಾದರೆ ವರ್ಷವಿಡೀ ಸುಮ್ಮನಿದ್ದ ದೇಹ ಒಮ್ಮೆಲೇ ಸಿಡಿದೆದ್ದು ಕಾಲು ಬಾತು, ಕೀವಾಗುತ್ತಿತ್ತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನನಗೊಬ್ಬ ತಂಗಿಯಿದ್ದಾಳೆ. ಗಂಡನ ಮನೆಯ ಹೊಡೆತ ಬಡಿತವನ್ನು ಆಕೆ ಹೇಳಿಕೊಂಡಾಗಲೆಲ್ಲ ಬಿ.ಎ., ಬಿ.ಎಡ್. ಓದಿದ ನಾನು ಹೇಳಿದ್ದು ಒಂದೇ ಮಾತು: ತಾಳಿದವರು ಬಾಳಿಯಾರು. ಕೆಲವು ವರ್ಷಗಳ ಮೇಲೆ ಆಕೆ, “ಈಗೀಗ ನನಗ ಏನೂ ಅನಸಂಗಿಲ್ಲ ಬಿಡಕ್ಕಾ” ಎಂದಳು. ಸಂಸಾರ ಹೊಂದಿಕೊಂಡಿತೆಂದು ನಾನು ಸಮಾಧಾನಪಟ್ಟೆ.

ಸಹನೆ ಸುಳ್ಳಲ್ಲ. ಅದಿಲ್ಲದಿದ್ದರೆ ದೇಹವೂ ಉಳಿಯದು, ಮನೆಯೂ ಉಳಿಯದು. ಆದರೆ ಈ ಸಹನೆಯನ್ನು ಉಂಡು ಕೊಬ್ಬುತ್ತಿರುವವರು ಯಾರು ಎಂದು ದೇಹ ಕೇಳಲಾರದು, ಮನುಷ್ಯರು ಕೇಳಬಹುದು. ನಾನು ಕೇಳಲಿಲ್ಲ.

ನಾರುಹುಣ್ಣಿಗೆ ಲಸಿಕೆಯಿರಲಿಲ್ಲ, ಮದ್ದೂ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸಿ, ಬಾವಿಗೆ ಯಾರೂ ಕಾಲಿಡದಂತೆ ಮಾಡಿ, ಕೊಳವೆಬಾವಿ ತೋಡಿ ಜನ ಅದನ್ನು ಗೆದ್ದರು. ಭಾರತದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶ ಮುಕ್ತವಾಯಿತೆಂದು ಸಾರಿತು. ಅದಕ್ಕೂ ತಾಳ್ಮೆ ಬೇಕಾಯಿತು. ಆದರೆ ಅದು ಹುಳುವನ್ನು ಒಳಗಿಟ್ಟುಕೊಂಡು ಸುಮ್ಮನಿರುವ ತಾಳ್ಮೆಯಲ್ಲ, ಕಡ್ಡಿಗೆ ಸುತ್ತುವ ತಾಳ್ಮೆ.

ತಂಗಿ ಈಗ ನಮ್ಮ ಮನೆಯಲ್ಲಿದ್ದಾಳೆ. ಆ ದಿನ ತವರಿನ ಬಾಗಿಲು ತಟ್ಟಿದಾಗ, ಎಲ್ಲಿ ಮತ್ತೆ ಅದೇ ಗಾದೆ ಹೇಳುತ್ತೇನೋ ಎಂಬಂತೆ ಆಕೆ ನನ್ನ ಮುಖ ನೋಡಿದ್ದಳು. ಆ ನೋಟ ಇನ್ನೂ ನನ್ನೊಳಗಿದೆ.

ಹುಡುಗಿಗೆ ಹುಳುವಿನ ಜಾಣತನವನ್ನು ವಿವರಿಸಿದೆ. ಕೊನೆಗೆ, “ನೋವಾಗುವುದಿಲ್ಲ ಎಂದರೆ ಒಳಗೆ ಏನೂ ಇಲ್ಲ ಅಂತ ಅರ್ಥವಲ್ಲಮ್ಮಾ” ಎಂದೆ. ಆಕೆ ತಲೆಯಾಡಿಸಿ ಮಾತ್ರೆ ಅಗಿದಳು.