ಸಿಂಕಿನ ಕೆಳಗೊಂದು ಧರ್ಮಜಿಜ್ಞಾಸೆ

ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತೆಂದರೆ ಪೇಟೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಪ್ಲಂಬರ್ ನಂಬರ್ ಇದೆಯಾ?’ ಎಂಬುದು. ಸಿಂಕಿನ ಕೆಳಗಿನ ಬಾಗಿಲು ತೆರೆದು, ಅಲ್ಲಿ ತುರುಕಿಟ್ಟ ಹಳೇ ಚೀಲ, ಸೋಪಿನ ಡಬ್ಬಗಳನ್ನು ಈಚೆಗೆ ತೆಗೆದು, ಅಡಿಗೊಂದು ಬಕೆಟ್ ಇಟ್ಟು, ಬಿಳಿ ಪ್ಲಾಸ್ಟಿಕ್ಕಿನ ಬಾಟಲ್ ಟ್ರ್ಯಾಪನ್ನು ಕೈಯಿಂದ ತಿರುಗಿಸಿದರೆ ಸಾಮಾನ್ಯವಾಗಿ ಅದು ಬಿಚ್ಚಿಕೊಳ್ಳುತ್ತದೆ. ಪಾನಾ ಕೂಡ ಬೇಡ. ಬಿಚ್ಚಿದ ಕೂಡಲೇ ಬಕೆಟ್ಟಿಗೆ ಬೀಳುವುದು ಬೂದುಬಣ್ಣದ ಲೋಳೆ: ಹೆಪ್ಪುಗಟ್ಟಿದ ಜಿಡ್ಡು, ಅನ್ನದ ಅಗುಳು, ಸಾಸಿವೆ, ಕರಿಬೇವಿನ ದಂಟು, ಟೀ ಚರಟ, ಒಮ್ಮೊಮ್ಮೆ ಎಂದೋ ಕಳೆದುಹೋದ ಓಲೆಯ ತಿರುಪು. ನಾತ ಮೂಗಿಗೆ ಹೊಡೆಯುತ್ತದೆ. ಅಷ್ಟೂ ಆ ಮನೆಯವರೇ ಉಂಡು ಬಿಟ್ಟದ್ದು.

ಈ ಲೋಳೆಗೆ ಕೈ ಹಾಕಬೇಕಾದವರು ಯಾರು? ಕೇಳುವುದಕ್ಕೆ ಚಿಲ್ಲರೆ ಪ್ರಶ್ನೆ. ಆದರೆ ಕನ್ನಡನಾಡಿನ ಧರ್ಮಚಿಂತನೆಯನ್ನು ಸುಮಾರು 900 ವರ್ಷಗಳಿಂದ ಬಿಡದೆ ಕಾಡುತ್ತಾ ಬಂದಿರುವುದು ಇದೇ ಪ್ರಶ್ನೆ.

12ನೇ ಶತಮಾನದ ಕಲ್ಯಾಣದ ಶರಣರಲ್ಲಿ ಅನೇಕರನ್ನು ಇವತ್ತಿಗೂ ಗುರುತಿಸುವುದು ಅವರ ಕೆಲಸದಿಂದಲೇ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ. ಚಂದಯ್ಯನ ಬಗ್ಗೆ ಶರಣ ಪರಂಪರೆ ಹೇಳಿಕೊಂಡು ಬಂದ ಕಥೆಯೊಂದಿದೆ. ಹಗ್ಗಕ್ಕೆಂದು ಹುಲ್ಲು ಕೊಯ್ಯುತ್ತಿರುವಾಗ ಮೈಮೇಲಿದ್ದ ಇಷ್ಟಲಿಂಗ ಜಾರಿ ಬಿತ್ತು. ಚಂದಯ್ಯ ಹುಲ್ಲಿನ ಹೊರೆ ಬಿಡಲಿಲ್ಲ, ಲಿಂಗವನ್ನು ಎತ್ತಿಕೊಳ್ಳಲೂ ಇಲ್ಲ. ಲಿಂಗವೇ ಬೆನ್ನು ಹತ್ತಿ ಬಂದು ಗೋಗರೆಯಬೇಕಾಯಿತು. ಮಾಚಿದೇವ ನಡುವೆ ಬಂದು ರಾಜಿ ಮಾಡಿಸಿದ ಮೇಲೆ, ಲಿಂಗವೂ ಕಾಯಕಕ್ಕೆ ಹೆಗಲು ಕೊಡಬೇಕೆಂಬ ಕಟ್ಟಳೆಯ ಮೇಲೆ ಚಂದಯ್ಯ ಒಪ್ಪಿದನಂತೆ. ಈ ಕಥೆಯ ಎದೆಗಾರಿಕೆ ದೊಡ್ಡದು. ಪೂಜೆಗೂ ಕೆಲಸಕ್ಕೂ ಜಗಳ ಹತ್ತಿದಾಗ ಇಲ್ಲಿ ಗೆದ್ದದ್ದು ಕೆಲಸ, ಅದೂ ಹುಲ್ಲು ಗೀರಿದ, ಕೆಸರು ಮೆತ್ತಿದ ಕೈಯ ಕೆಲಸ.

ಇಷ್ಟು ದೂರ ನಡೆದ ಚಿಂತನೆ ಜಗತ್ತಿನಲ್ಲಿ ಅಪರೂಪ. ಅತ್ಯುತ್ತಮ ರಾಜ್ಯವು ಕೈಕಸುಬಿನವನನ್ನು ನಾಗರಿಕನನ್ನಾಗಿ ಮಾಡಿಕೊಳ್ಳದು ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಅದ್ಭುತ ಯಂತ್ರಗಳನ್ನು ಕಟ್ಟಿದ ಆರ್ಕಿಮಿಡೀಸ್ ಕೂಡ ಯಂತ್ರವಿದ್ಯೆಯನ್ನು ಕೀಳೆಂದೆಣಿಸಿ ಅದರ ಬಗ್ಗೆ ಗ್ರಂಥ ಬರೆಯಲಿಲ್ಲ ಎನ್ನುತ್ತಾನೆ ಪ್ಲೂಟಾರ್ಕ್. ನಮ್ಮಲ್ಲಿ ಇದೇ ತಿರಸ್ಕಾರ ಹುಟ್ಟಿನ ಜೊತೆ ಗಂಟುಬಿದ್ದು ಇನ್ನಷ್ಟು ಬಿಗಿಯಾಯಿತು.

ಅದಕ್ಕೆ ಸಾಕ್ಷಿ ಹಳೇ ನಲ್ಲಿಯ ಹೊಟ್ಟೆಯಲ್ಲಿದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಗೆ ಕೊಳಾಯಿ ನೀರು ಬಂದಾಗ ಸಂಪ್ರದಾಯಸ್ಥರು ತಕರಾರು ಎತ್ತಿದರು. ನೀರನ್ನು ತಡೆದು ನಿಲ್ಲಿಸುವ ವಾಷರ್ ಆಗ ತೊಗಲಿನದು. ತೊಗಲು ಸೋಕಿದ ನೀರು ಕುಡಿಯುವುದು ಹೇಗೆ ಎಂಬುದು ಅವರ ಅಳಲು. ನಮ್ಮ ಊರುಗಳ ಮಡಿವಂತ ಮನೆಗಳಲ್ಲೂ ನಲ್ಲಿ ಬಂದು ಎಷ್ಟೋ ಕಾಲದವರೆಗೆ ದೇವರ ಅಭಿಷೇಕಕ್ಕೆ, ಮಡಿ ಅಡುಗೆಗೆ ಬಾವಿಯ ನೀರೇ ಆಗಬೇಕಿತ್ತು. ಆ ಪುಟ್ಟ ಬಿಲ್ಲೆಗೆ ತೊಗಲನ್ನು ಹದ ಮಾಡಿಕೊಟ್ಟವನ ಕುಶಲತೆ ಇಲ್ಲದಿದ್ದರೆ ನಲ್ಲಿಯೇ ನಿಲ್ಲುತ್ತಿರಲಿಲ್ಲ. ನೀರನ್ನು ಹಿಡಿದಿಟ್ಟದ್ದು ಅವನ ಕೈ. ಅದೇ ಕೈ ಮುಟ್ಟಿತೆಂದು ನೀರು ಮೈಲಿಗೆಯಾಯಿತು. ತೊಗಲು ಹದ ಮಾಡುವವರ ಕುಲದ ಮಾದಾರ ಚೆನ್ನಯ್ಯನನ್ನು ಬಸವಣ್ಣ ಅಪ್ಪನ ಸ್ಥಾನದಲ್ಲಿಟ್ಟು ನೆನೆದದ್ದು ಎಂಥ ಬಂಡಾಯ ಎಂಬುದು ಈ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

ಈಗ ವಾಷರ್ ರಬ್ಬರಿನದು. ಹೊಸ ಮಾದರಿಯ ನಲ್ಲಿಗಳಲ್ಲಿ ಸೆರಾಮಿಕ್ ಬಿಲ್ಲೆ. ಹಳೇ ಹಿತ್ತಾಳೆ ನಲ್ಲಿ ತೊಟ್ಟಿಕ್ಕತೊಡಗಿದರೆ ಗೇಟ್ ವಾಲ್ವ್ ಮುಚ್ಚಿ, ಪಾನಾ ಹಾಕಿ ಮೇಲಿನ ಭಾಗವನ್ನು ಬಿಚ್ಚಿ ಎತ್ತಬೇಕು. ಕೆಳಗಿನ ವಾಷರಿನಲ್ಲಿ ಉಂಗುರದಂಥ ಗುಳಿ ಬಿದ್ದಿರುತ್ತದೆ: ವರ್ಷಗಟ್ಟಲೆ ಮನೆಯವರು ನಲ್ಲಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದ ಗುರುತು. ಅದನ್ನು ಕಿತ್ತು, ಕೂರುವ ಜಾಗದಲ್ಲಿ ಕಟ್ಟಿದ ಸುಣ್ಣವನ್ನು ಕೆರೆದು, ಹೊಸದನ್ನು ಕೂರಿಸಿದರೆ ಮುಗಿಯಿತು. ಸಾಮಾನಿಗೆ ತಗಲುವುದು ಕೆಲವೇ ರೂಪಾಯಿ. ಹಾಗೇ ಬಿಟ್ಟರೆ? ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಸೆಕೆಂಡಿಗೊಂದು ಹನಿ ದಿನಕ್ಕೆ 4 ಲೀಟರಿಗೂ ಮಿಕ್ಕುತ್ತದೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನ ಬಲದಿಂದ ಏರಿ ಬಂದವಳು. ಅವಳನ್ನು ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ಮನೆಯಲ್ಲಿ ವಾಷರ್ ಸವೆದು ತಿಂಗಳಾಗಿದ್ದರೆ ಭಕ್ತಿಯಲ್ಲೇ ಏನೋ ಸೋರುತ್ತಿದೆ ಎಂದೇ ಅರ್ಥ.

ರಿಪೇರಿಗೆ ಇನ್ನೊಂದು ಗುಣವಿದೆ. ಚೆನ್ನಾಗಿ ನಡೆಯುತ್ತಿರುವ ವಸ್ತು ಕಣ್ಣಿಗೆ ಬೀಳುವುದಿಲ್ಲ. ಕೆಟ್ಟಾಗ ಮಾತ್ರ ಎದ್ದು ಕಾಣುತ್ತದೆ. ಜರ್ಮನಿಯ ಮಾರ್ಟಿನ್ ಹೈಡೆಗರ್ 1927ರಲ್ಲಿ ಸುತ್ತಿಗೆಯ ಉದಾಹರಣೆ ಹಿಡಿದು ಇದನ್ನು ದೊಡ್ಡ ತತ್ವವಾಗಿ ಬೆಳೆಸಿದ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾರತೀಯ ದರ್ಶನ ಓದಿ ಹೋಗಿದ್ದ ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಮೋಟಾರ್‌ಸೈಕಲ್ ರಿಪೇರಿಯ ಸುತ್ತ ಒಂದು ತತ್ವಗ್ರಂಥವನ್ನೇ ಬರೆದ. ತಾಂತ್ರಿಕ ಕೆಲಸದಿಂದ ಮುಖ ತಿರುಗಿಸಿ ಅಧ್ಯಾತ್ಮ ಹುಡುಕುವವರು ದಾರಿ ತಪ್ಪಿದ್ದಾರೆ ಎಂಬುದು ಅವನ ವಾದ. ಮೂಡಿಗೆರೆಯ ತೋಟದಲ್ಲಿ ಕೂತು ಬರೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೂ ಯಂತ್ರಗಳನ್ನು ಬಿಚ್ಚಿ ನೋಡುವ ಗೀಳಿತ್ತು. ಅವರ ಬರವಣಿಗೆಯ ಸ್ಪಷ್ಟತೆಗೂ ಆ ಗೀಳಿಗೂ ನಂಟಿದೆ ಎಂದು ಹೇಳಿದರೆ ತಪ್ಪಾಗಲಾರದು.

ಮಿಕ್ಸಿಯನ್ನೇ ತೆಗೆದುಕೊಳ್ಳಿ. ಜಾರ್ ಕೂರಿಸುವ ಕಡೆ ಇರುವ ಕಪ್ಲರ್ ಹಲ್ಲು ಸವೆದಾಗ ಮೋಟಾರ್ ಗರ್ರೆನ್ನುತ್ತದೆ, ಬ್ಲೇಡ್ ತಿರುಗುವುದಿಲ್ಲ. ಪ್ಲಗ್ ಕಿತ್ತು, ತಳಭಾಗದಲ್ಲಿ ಮೋಟಾರಿನ ಕಡ್ಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿದು ಕಪ್ಲರನ್ನು ಬಿಚ್ಚಬೇಕು. ಹೆಚ್ಚಿನ ಮಿಕ್ಸಿಗಳಲ್ಲಿ ಅದರ ಮರೆ ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ, ಮಿಕ್ಕೆಲ್ಲ ತಿರುಪುಗಳಿಗೆ ತದ್ವಿರುದ್ಧ. ಗೊತ್ತಿಲ್ಲದವರು ಬಲ ಹಾಕಿದಷ್ಟೂ ಅದು ಬಿಗಿಯುತ್ತದೆ. ಅಲ್ಲಿ ಓದು, ಹುದ್ದೆ, ವಯಸ್ಸು ಯಾವುದೂ ನಡೆಯುವುದಿಲ್ಲ. ವಸ್ತು ಹೇಗಿದೆಯೋ ಹಾಗೆ ಅದಕ್ಕೆ ತಲೆಬಾಗಬೇಕು. ನಾನು ಎಂಬುದನ್ನು ಕಳೆದುಕೊಳ್ಳುವ ಸಾಧನೆಯ ಬಗ್ಗೆ ಪ್ರವಚನ ಕೇಳುವವರು ಅಡುಗೆಮನೆಯ ಕಟ್ಟೆಯ ಮೇಲೆ ಅದರ ಒಂದು ನಿಜವಾದ ಪಾಠ ಇದೆಯೆಂದು ತಿಳಿದರೆ ಒಳ್ಳೆಯದು.

ಸನ್ಯಾಸಿಗಳು ಇದನ್ನು ಬಲ್ಲವರು. ಬೌದ್ಧ ಭಿಕ್ಷುವಿಗೆ ಇರಬೇಕಾದ ಎಂಟೇ ಸಾಮಾನುಗಳಲ್ಲಿ ಒಂದು ಸೂಜಿ. ಹರಿದದ್ದನ್ನು ಅವನೇ ಹೊಲಿದುಕೊಳ್ಳಬೇಕು. ಇಟಲಿಯ ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ತನ್ನ ಮಠಕ್ಕೆ ಬರೆದ ನಿಯಮಗಳಲ್ಲಿ ಮಠದ ಪಾತ್ರೆ ಪರಡಿ, ಸಲಕರಣೆಗಳನ್ನೆಲ್ಲ ಪೂಜಾವೇದಿಕೆಯ ಪಾತ್ರೆಗಳಷ್ಟೇ ಜೋಪಾನವಾಗಿ ಕಾಣಬೇಕೆಂದು ವಿಧಿಸಿದ.

ಇಷ್ಟು ಹೇಳಿದ ಮೇಲೆ 1898ರ ಡರ್ಬನ್ನಿನ ಒಂದು ಮನೆಗೆ ಹೋಗಲೇಬೇಕು. ಮೋಹನದಾಸ ಗಾಂಧಿ ಅಲ್ಲಿ ವಕೀಲರು. ಅವರ ಗುಮಾಸ್ತರೂ ಅದೇ ಮನೆಯಲ್ಲಿ ಇರುತ್ತಿದ್ದರು. ಕೋಣೆಗಳಿಗೆ ಬಚ್ಚಲ ದಾರಿ ಇಲ್ಲದ್ದರಿಂದ ಮೂತ್ರದ ಪಾತ್ರೆಗಳನ್ನು ಇಟ್ಟಿದ್ದರು; ಅವನ್ನು ಎತ್ತಿ ತೊಳೆಯುವ ಕೆಲಸ ಗಂಡಹೆಂಡಿರದು. ಪಂಚಮ ಜಾತಿಯಿಂದ ಬಂದ ಕ್ರೈಸ್ತ ಗುಮಾಸ್ತನೊಬ್ಬನ ಪಾತ್ರೆ ತೊಳೆಯುವ ಸರದಿ ಬಂದಾಗ ಕಸ್ತೂರಬಾಗೆ ಸಹಿಸಲಾಗಲಿಲ್ಲ. ಕಣ್ಣೀರು ಸುರಿಸುತ್ತಾ ಪಾತ್ರೆ ಹೊತ್ತರು. ಗಾಂಧಿಗೆ ಅಷ್ಟು ಸಾಲದು, ನಗುನಗುತ್ತಾ ಹೊರಬೇಕಿತ್ತು. ಮಾತಿಗೆ ಮಾತು ಬೆಳೆದು ಹೆಂಡತಿಯ ಕೈ ಹಿಡಿದೆಳೆದು ಗೇಟಿನವರೆಗೆ ತಂದರು, ಹೊರಗೆ ತಳ್ಳಲೆಂದು. ಪರದೇಶದಲ್ಲಿ ನಾನೆಲ್ಲಿಗೆ ಹೋಗಲಿ, ನಿಮಗೆ ನಾಚಿಕೆಯಿಲ್ಲವೇ ಎಂಬ ಅರ್ಥದಲ್ಲಿ ಅವರು ಕೇಳಿದ ಮೇಲೆ ಗಾಂಧಿ ಗೇಟು ಮುಚ್ಚಿದರು. ಇದನ್ನೆಲ್ಲ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

ಗಾಂಧಿಯ ತತ್ವ ಸರಿಯಿತ್ತು. ಅದನ್ನು ಇನ್ನೊಬ್ಬರ ಕೈಯಿಂದ ಮಾಡಿಸಹೊರಟದ್ದು ತಪ್ಪು. ಈ ತಪ್ಪು ಇಂದಿನ ಮನೆಗಳಲ್ಲೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇದೆ. ಭಾನುವಾರ ಗಂಡಸು ಟೂಲ್ ಬಾಕ್ಸ್ ತೆರೆದು ಗೋಡೆಗೆ ಡ್ರಿಲ್ ಹಾಕುತ್ತಾನೆ, ಬಚ್ಚಲ ಜಾಲರಿ ಎತ್ತುತ್ತಾನೆ, ಗ್ರೀಸ್ ಮೆತ್ತಿದ ಕೈಯನ್ನು ಒಗೆದ ಟವೆಲ್ಲಿಗೆ ಒರೆಸುತ್ತಾನೆ. ಗೋಡೆಯ ಪುಡಿ, ಜಾಲರಿಯ ಕೂದಲುಂಡೆ, ನೆಲದ ಎಣ್ಣೆ ಕಲೆ ಮನೆಯ ಹೆಂಗಸಿನ ಪಾಲಿಗೋ ಕೆಲಸದಾಕೆಯ ಪಾಲಿಗೋ ಬೀಳುತ್ತವೆ. ನೆಲ ಒರೆಸಿ, ಬಟ್ಟೆ ಹಿಂಡಿ, ಸಾಮಾನು ಜಾಗಕ್ಕೆ ಸೇರಿಸುವವರೆಗೆ ರಿಪೇರಿ ಮುಗಿದಂತಲ್ಲ. ಹೆಣ್ಣುಮಕ್ಕಳ ಕೈಗೆ ಪಾನಾ, ಟೆಸ್ಟರ್ ಕೊಡದೆ ಬರೀ ಒರೆಸುವ ಬಟ್ಟೆ ಕೊಡುವ ಮನೆ ಕಾಯಕದ ಅರ್ಧವನ್ನಷ್ಟೇ ಕಲಿತ ಮನೆ.

ಎಲ್ಲವನ್ನೂ ತಾವೇ ಮಾಡಿಕೊಂಡರೆ ಪ್ಲಂಬರ್, ಎಲೆಕ್ಟ್ರೀಷಿಯನ್‌ಗಳ ಹೊಟ್ಟೆಪಾಡು ಏನಾಗಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅವರವರ ಕಾಯಕಕ್ಕೆ ಅವರವರ ಪಾಲು ಸಲ್ಲಲೇಬೇಕು. ಗೋಡೆಯೊಳಗಿನ ವೈರಿಂಗ್, ಗ್ಯಾಸ್ ಪೈಪು ಬಲ್ಲವರ ಕೈಯಲ್ಲೇ ಇರಬೇಕು. 230 ವೋಲ್ಟ್ ಯಾರ ಶ್ರದ್ಧೆಯನ್ನೂ ನೋಡಿ ಸುಮ್ಮನಾಗುವುದಿಲ್ಲ. ಆದರೆ ತನ್ನ ಮನೆಯ ವಾಷರ್ ಒಮ್ಮೆಯಾದರೂ ಬದಲಿಸಿದವರು, ಹತ್ತು ನಿಮಿಷದ ಕೆಲಸಕ್ಕೆ ಇಷ್ಟೇಕೆ ಎಂದು ಪ್ಲಂಬರ್ ಹತ್ತಿರ ಚೌಕಾಶಿಗೆ ನಿಲ್ಲುವುದು ಕಡಿಮೆ. ಆ ಹತ್ತು ನಿಮಿಷದ ಹಿಂದೆ ಎಷ್ಟು ವರ್ಷದ ಪಳಗಿಕೆ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಇಷ್ಟವಿದ್ದಾಗ ಕೈ ಕೊಳೆ ಮಾಡಿಕೊಂಡು ಸೋಪು ಹಾಕಿ ತೊಳೆದುಕೊಳ್ಳುವವರು, ಹುಟ್ಟಿದ ಕಾರಣಕ್ಕೆ ಕೊಳೆಗೆ ಇಳಿಯಬೇಕಾದವರ ಜೊತೆ ತಮ್ಮನ್ನು ಹೋಲಿಸಿಕೊಳ್ಳುವ ಹಾಗಿಲ್ಲ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೆ.ಜಿ.ಎಫ್.ನಲ್ಲಿ ಹುಟ್ಟಿ, ಸುತ್ತಲೂ ಒಣ ಪಾಯಿಖಾನೆ ಬಳಿಯುವವರನ್ನು ಕಂಡು ಬೆಳೆದ ಬೆಜವಾಡ ವಿಲ್ಸನ್ ಆ ಪದ್ಧತಿಯ ವಿರುದ್ಧ ದೇಶದಗಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನಿಷೇಧವಾಗಿ ದಶಕಗಳು ಕಳೆದ ಮೇಲೂ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕಾಯಕ ತತ್ವ ಹುಟ್ಟಿದ ನಾಡಿನಲ್ಲಿ ನಡೆದ ಘಟನೆ ಇದು. ಕೆಲಸ ಶ್ರೇಷ್ಠ ಎಂದು ಭಾಷಣ ಮಾಡುತ್ತಾ ಕೊಳೆಯ ಕೆಲಸವನ್ನು ಒಂದೇ ಜಾತಿಯ ತಲೆಗೆ ಕಟ್ಟಿದರೆ ಅದು ಶರಣರಿಗೆ ಬಗೆದ ದ್ರೋಹ.

ನವರಾತ್ರಿಯಲ್ಲಿ ಆಯುಧಪೂಜೆಗೆ ಗ್ಯಾರೇಜು, ಕಾರ್ಖಾನೆ, ಮನೆಗಳಲ್ಲಿ ಪಾನಾ, ಸುತ್ತಿಗೆ, ಬೈಕುಗಳಿಗೆ ಅರಿಸಿನ ಕುಂಕುಮ ಇಟ್ಟು ಬೂದುಗುಂಬಳ ಒಡೆಯುತ್ತಾರೆ. ಉಪಕರಣಕ್ಕೆ ಕೈ ಮುಗಿಯುವ ಈ ಹಬ್ಬ ನಿಜಕ್ಕೂ ಹೆಮ್ಮೆಪಡುವಂಥದ್ದು. ಮಾರನೆಯ ವಾರ ಅದೇ ಪಾನಾ ಹಿಡಿದು ಮನೆಯ ಮಕ್ಕಳನ್ನು, ಗಂಡು ಹೆಣ್ಣೆನ್ನದೆ, ಸಿಂಕಿನ ಕೆಳಗೆ ಕೂರಿಸಿಕೊಂಡರೆ ಪೂಜೆ ಪೂರ್ತಿಯಾಗುತ್ತದೆ. ಬಕೆಟ್ ಅವರೇ ಹಿಡಿಯಲಿ, ಲೋಳೆ ಅವರ ಕೈಗೂ ತಾಗಲಿ, ನೆಲವನ್ನು ಅವರೇ ಒರೆಸಲಿ. ಪ್ಲಂಬರ್ ಬಂದ ದಿನ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲಿ. ಮನೆಯವರು ಕುಡಿಯುವ ಲೋಟದಲ್ಲೇ ಅವರಿಗೂ ಕಾಫಿ ಕೊಡಿ. ಸೆಪ್ಟಿಕ್ ಟ್ಯಾಂಕ್ ತುಂಬಿದರೆ ಮಾತ್ರ ನೀವೂ ಇಳಿಯಬೇಡಿ, ಇನ್ನೊಬ್ಬರನ್ನೂ ಇಳಿಸಬೇಡಿ. ಹೀರುವ ಯಂತ್ರದ ಲಾರಿ ಕರೆಸಿ. ರಕ್ಷಣಾ ಸಾಧನಗಳಿಲ್ಲದೆ ಒಬ್ಬ ಮನುಷ್ಯನನ್ನು ಅದರೊಳಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.