ಹೊರೆಯ ಕೆಳಗೆ ಬಿದ್ದಿರುವ ಕತ್ತೆ

(ವಿಮೋಚನಕಾಂಡ ೨೩ನೇ ಅಧ್ಯಾಯದ ೫ನೇ ವಚನವನ್ನೂ ಧರ್ಮೋಪದೇಶಕಾಂಡ ೨೪ನೇ ಅಧ್ಯಾಯದ ೬ನೇ ವಚನವನ್ನೂ ಮೊದಲು ಓದಿಕೊಳ್ಳಿರಿ.)



ದೇವರು ಮೋಶೆಯ ಮೂಲಕವಾಗಿ ಇಸ್ರಾಯೇಲ್ಯರಿಗೆ ಕೊಟ್ಟ ನ್ಯಾಯವಿಧಿಗಳೊಳಗೆ ಒಂದು ಕತ್ತೆಯ ಮಾತು ಬರುತ್ತದೆ. ಸುಳ್ಳುಸಾಕ್ಷಿ, ಲಂಚ, ಅನ್ಯಾಯವಾದ ತೀರ್ಪು ಇಂಥ ದೊಡ್ಡ ಸಂಗತಿಗಳ ಮಧ್ಯದಲ್ಲಿ ಈ ಚಿಕ್ಕ ಆಜ್ಞೆಯು ಇರುವದರಿಂದ ಅನೇಕರು ಅದನ್ನು ದಾಟಿ ಓದಿಬಿಡುತ್ತಾರೆ. ನಿನ್ನನ್ನು ಹಗೆಮಾಡುವವನ ಕತ್ತೆಯು ಹೊರೆಯ ಭಾರಕ್ಕೆ ಕುಸಿದು ದಾರಿಯಲ್ಲಿ ಬಿದ್ದಿರುವದನ್ನು ನೀನು ಕಂಡರೆ, ಕಾಣದವನಂತೆ ಹೋಗಬೇಡ, ಅವನ ಸಂಗಡ ಕೈ ಹಾಕಿ ಅದನ್ನು ಎಬ್ಬಿಸು ಎಂಬದೇ ಅದರ ತಾತ್ಪರ್ಯವು.

ಸರ್ವಶಕ್ತನಾದ ದೇವರು ಒಂದು ಕತ್ತೆಯ ವಿಷಯದಲ್ಲಿ ಇಷ್ಟು ಚಿಂತೆಪಟ್ಟದ್ದು ಯಾಕೆ? ಆ ಸೀಮೆಯ ಬಡವನಿಗೆ ಕತ್ತೆಯೇ ಕಾಲು, ಕತ್ತೆಯೇ ಬಂಡಿ. ಅದು ಬಿದ್ದ ದಿನ ಅವನ ಕಾಳು ಪೇಟೆಗೆ ಹೋಗದು, ಅವನ ಮಕ್ಕಳಿಗೆ ರೊಟ್ಟಿಯೂ ಇರದು. ಹೊರೆಯ ಕೆಳಗೆ ನಿಜವಾಗಿ ಬಿದ್ದಿರುವದು ಕತ್ತೆಯಲ್ಲ, ಒಂದು ಸಂಸಾರವೇ.

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಗ್ರಾಮಗಳಲ್ಲಿ ಈ ಕತ್ತೆಯು ಯಾವದೆಂಬದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಎರಡನೇ ಕೈಯಿಂದ ಕೊಂಡ ಬೈಕು, ಸಾಲದ ಮೇಲೆ ತಂದ ಲಗೇಜು ಆಟೋ, ನಾಲ್ಕು ಮನೆಗಳಿಗೆ ಒಂದಾಗಿರುವ ಟೆಂಪೊ, ಇವೇ ಅಲ್ಲವೇ? ಟೊಮ್ಯಾಟೊ ಬಿಡಿಸಿದ ಮೇಲೆ ಅದು ನಾಳೆಯ ತನಕ ಕಾಯುವ ಪದಾರ್ಥವಲ್ಲ. ಹದಿನೈದು ಕಿಲೋದ ಬಾಕ್ಸುಗಳು ಕೋಲಾರದ ಮಂಡಿಯಲ್ಲಿ ಹರಾಜಿನ ಹೊತ್ತಿಗೆ ಇಳಿಯಬೇಕು. ಹೊತ್ತು ಮೀರಿದರೆ ಧಾರಣೆಯೂ ಮೀರಿತು. ಶ್ರೀನಿವಾಸಪುರದ ತೋಪುಗಳವರು ವರುಷವೆಲ್ಲಾ ಕಾದಿದ್ದು ಮೇ ತಿಂಗಳಿಂದ ಜುಲೈ ತನಕ ಮಾವನ್ನು ಸಾಗಿಸುತ್ತಾರೆ. ಆ ವಾರಗಳಲ್ಲಿ ಗಾಡಿ ನಿಂತರೆ ಹಣ್ಣು ಮರದ ಕೆಳಗೇ ಕೊಳೆಯುವದು. ಮಾಲೂರಿನ ಮತ್ತು ನರಸಾಪುರದ ಕಾರ್ಖಾನೆಗಳಿಗೆ ರಾತ್ರಿ ಪಾಳಿಗೆ ಹೋಗುವ ಹುಡುಗನಿಗೆ ಬೈಕು ಕೆಟ್ಟರೆ ಆ ದಿನದ ಕೂಲಿ ಹೋಯಿತು. ಹಾಲಿನ ಕ್ಯಾನು ದಿನಕ್ಕೆ ಎರಡು ಸಾರಿ ಡೈರಿಗೆ ಮುಟ್ಟಬೇಕು, ಹಸುವಿಗೆ ಭಾನುವಾರವೆಂಬದಿಲ್ಲ. ಕಾಯಿಲೆಯ ಮಾತು ಬೇರೆ. ಅಪಾಯದ ಹೊತ್ತಿನಲ್ಲಿ ೧೦೮ರ ಗಾಡಿ ಬರುವದು ನಿಜ. ಆದರೆ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಸಾರಿ ಡಯಾಲಿಸಿಸ್‌ಗೆ ಹೋಗಬೇಕಾದವನನ್ನು ಯಾರು ಕರೆದುಕೊಂಡು ಹೋಗುವರು? ಸಮಾರ್ಯದವನ ಸಾಮ್ಯವನ್ನು ಬೋಧಿಸುವವರು ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಬಹಳವಾಗಿ ಹೊಗಳುತ್ತಾರೆ. ಗಾಯಪಟ್ಟವನನ್ನು ಛತ್ರದ ವರೆಗೆ ಹೊತ್ತದ್ದು ಅವನ ವಾಹನಪಶುವೆಂಬದನ್ನು ಹೇಳುವವರು ಕಡಿಮೆ. ಆ ಪಶುವು ಕುಂಟಾಗಿದ್ದರೆ ಎಣ್ಣೆ ಹೊಯ್ದು ಏನು ಪ್ರಯೋಜನ?

ಈಗ ಕೈಕಸಬಿನವರ ಮಾತಿಗೆ ಬರುತ್ತೇವೆ. ಐ.ಟಿ.ಐ.ಯಲ್ಲಿ ಎರಡು ವರುಷ ಮೋಟಾರು ಮೆಕ್ಯಾನಿಕ್ ಪಾಠ ಓದಿದವರಾಗಲಿ, ರಸ್ತೆ ಬದಿಯ ಶೆಡ್ಡಿನಲ್ಲಿ ಮೇಸ್ತ್ರಿಯ ಕೈಕೆಳಗೆ ಚಿಕ್ಕಂದಿನಿಂದ ಪಾನ ಹಿಡಿದವರಾಗಲಿ, ಇಂಥ ಯೌವನಸ್ಥರು ನಮ್ಮ ಸಭೆಗಳಲ್ಲಿದ್ದಾರೆ. ಇವರು ಆರಾಧನೆಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳುವರು. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗದಾದದರಿಂದ ಕಾಣಿಕೆಯ ತಟ್ಟೆಯನ್ನು ಹಿಡಿಯುವದಕ್ಕೂ ನಾಚುವರು. ಇವರಿಗೆ ನಾವು ಹೇಳುವದೇನಂದರೆ, ದೇವದರ್ಶನದ ಗುಡಾರವನ್ನು ಕಟ್ಟುವ ಕಾಲದಲ್ಲಿ ದೇವರು ಹೆಸರು ಹಿಡಿದು ಕರೆದು ತನ್ನ ಆತ್ಮದಿಂದ ತುಂಬಿಸಿದ ಬೆಚಲೇಲನು ಯಾಜಕನಲ್ಲ, ಪ್ರವಾದಿಯೂ ಅಲ್ಲ. ಲೋಹ, ಕಲ್ಲು, ಮರಗಳ ಕೆಲಸ ಬಲ್ಲ ಕೈಗೆಲಸದವನು. ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಗುಡಾರ ಹೊಲಿಯುತ್ತಾ ಜೀವಿಸಿದನು. ದೊರ್ಕಳು ಸತ್ತಾಗ ಯೊಪ್ಪದ ವಿಧವೆಯರು ಪೇತ್ರನಿಗೆ ಅಳುತ್ತಾ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನೇ.

ನಮ್ಮ ಊರಿನ ಚರಿತ್ರೆಯೂ ಹಾಗೆಯೇ ಇದೆ. ೧೮೭೬-೭೮ರ ಮಹಾ ಕ್ಷಾಮದಲ್ಲಿ ಮೈಸೂರು ಸೀಮೆಯ ತಬ್ಬಲಿಗಳನ್ನು ಕೂಡಿಸಿ ಕೋಲಾರದಲ್ಲಿ ಸಾಕಿದ ಕುಮಾರಿ ಆನ್‌ಸ್ಟಿಯವರ ಸಂಗತಿಯನ್ನು ಹಿರಿಯರಿಂದ ಕೇಳಿದ್ದೀರಿ. ೧೮೯೦ರಲ್ಲಿ ಆ ಕೆಲಸವು ಅಮೇರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಶನಿನ ಕೈಗೆ ಬಂತು. ಆ ಮಕ್ಕಳಿಗೆ ಅನ್ನವನ್ನೂ ಸತ್ಯವೇದವನ್ನೂ ಕೊಟ್ಟದ್ದಲ್ಲದೆ ಕೈಕಸಬನ್ನೂ ಕಲಿಸಿದರು. ಯಾಕಂದರೆ ಬೇಡಿ ತಿನ್ನುವವನು ಬೇಡುವವನಾಗಿಯೇ ಉಳಿಯುವನು, ಕಸಬು ಬಲ್ಲವನು ಮತ್ತೊಬ್ಬನನ್ನು ಎಬ್ಬಿಸಬಲ್ಲನು. ಆ ಕ್ಷಾಮದ ಮಕ್ಕಳ ಸಂತತಿಯವರು ಇಂದಿಗೂ ನಮ್ಮ ಸಭೆಗಳಲ್ಲಿದ್ದಾರೆ.

ಇಲ್ಲಿ ಧರ್ಮೋಪದೇಶಕಾಂಡದ ವಚನವನ್ನು ನೋಡಿರಿ. ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಕಲ್ಲನ್ನಾಗಲಿ ಒತ್ತೆಯಾಗಿ ತೆಗೆದುಕೊಳ್ಳಬಾರದೆಂದು ಅಲ್ಲಿ ಕಟ್ಟಳೆ ಉಂಟು. ಅದನ್ನು ತೆಗೆದುಕೊಳ್ಳುವವನು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗಾಗುವದು. ರಾಗಿ ಬೀಸಿದ ಅಜ್ಜಿಯರನ್ನು ಕಂಡ ನಮಗೆ ಇದು ತಿಳಿಯದ ಮಾತಲ್ಲ. ಮೇಲಿನ ಕಲ್ಲೊಂದು ಹೋದರೆ ಕೆಳಗಿನ ಕಲ್ಲು ಕೂತುಕೊಳ್ಳುವದಕ್ಕೆ ಮಾತ್ರ ಬರುವದು, ರಾತ್ರಿಗೆ ಮುದ್ದೆ ಇಲ್ಲ. ಹಾಗಾದರೆ ರಿಪೇರಿಯ ಹಣ ಪೂರ್ತಿ ಬಾರದೆಂದು ಬಡವನ ಆಟೋವನ್ನು ತಿಂಗಳುಗಟ್ಟಲೆ ಶೆಡ್ಡಿನ ಹಿಂದೆ ನಿಲ್ಲಿಸಿಕೊಳ್ಳುವದು ಏನು? ಅದು ಓಡಿದರೆ ತಾನೇ ಅವನು ಸಾಲವನ್ನು ತೀರಿಸುವನು? ಮೆಕ್ಯಾನಿಕ್ಕನೂ ಬಡವನೇ, ಅವನಿಗೂ ಬಾಡಿಗೆ ಉಂಟು, ಅಂಗಡಿಯ ಸಾಲ ಉಂಟು ಎಂದು ನೀವು ಹೇಳುವಿರಿ. ಈ ಮಾತನ್ನು ನಾವು ಅಲ್ಲಗಳೆಯುವದಿಲ್ಲ. ಕೂಲಿಯಾಳಿಗೆ ಆ ದಿನದ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಬೇಕೆಂದು ಅದೇ ಅಧ್ಯಾಯವು ಆಜ್ಞಾಪಿಸುತ್ತದೆ. ಆ ಆಜ್ಞೆಯು ಮೆಕ್ಯಾನಿಕ್ಕನ ಪರವಾಗಿಯೂ ಇದೆ. ಇದ್ದವರು ಅವನ ಕೂಲಿಯನ್ನು ಚೌಕಾಶಿಮಾಡಿ ಕಿತ್ತುಕೊಳ್ಳುತ್ತಾ, ಇಲ್ಲದವರಿಗೆ ಧರ್ಮಮಾಡೆಂದು ಅವನಿಗೆ ಬೋಧಿಸುವದು ಕಪಟವಾಗಿದೆ.

ಆದದರಿಂದ ಭಾರವನ್ನು ಹಂಚಿಕೊಳ್ಳಬೇಕು. ಕತ್ತೆಯನ್ನು ಒಬ್ಬನೇ ಎಬ್ಬಿಸಲಾರನೆಂದೇ ಆಜ್ಞೆಯಲ್ಲಿ ಇಬ್ಬರ ಮಾತಿದೆ. ಮೆಕ್ಯಾನಿಕ್ಕನು ತಿಂಗಳಿಗೆ ಒಂದು ಮಧ್ಯಾಹ್ನದ ಕೈಗೆಲಸವನ್ನು ಕಾಣಿಕೆಯಾಗಿ ಕೊಡಲಿ; ಸಾಮಾನಿನ ಕ್ರಯವನ್ನು ಸಭೆಯವರು ಕೊಡಲಿ. ಹೊತ್ತಿಗೊಂದು ಹಿಡಿ ಅಕ್ಕಿ ರಾಗಿಯನ್ನು ಎತ್ತಿಡುವ ಪದ್ಧತಿಯು ನಮ್ಮ ಸ್ತ್ರೀಯರಿಗೆ ಹೊಸದಲ್ಲ; ಒಂದು ಕ್ಲಚ್ ವೈರು, ಒಂದು ಪ್ಲಗ್ಗು, ಒಂದು ಡಬ್ಬ ಆಯಿಲು ಅದಕ್ಕೆ ಮೀರಿದ್ದಲ್ಲ. ಬಡವರ ಗಾಡಿಗಳು ಹೆಚ್ಚಾಗಿ ಕೆಡುವದೂ ಸಣ್ಣ ಅಲಕ್ಷ್ಯದಿಂದಲೇ. ಹೊತ್ತಿಗೆ ಆಯಿಲು ಬದಲಿಸದೆ ಎಂಜಿನ್ನು ಹಿಡಿದುಕೊಳ್ಳುವದು, ನಮ್ಮ ಕೆಂಪು ಧೂಳಿಗೆ ಏರ್ ಫಿಲ್ಟರು ಕಟ್ಟಿಕೊಳ್ಳುವದು, ಬೇಸಿಗೆಯಲ್ಲಿ ರೇಡಿಯೇಟರಿನ ನೀರು ಇಳಿದು ಎಂಜಿನ್ನು ಕಾದು ಕೆಡುವದು. ಇವುಗಳನ್ನು ನೋಡಿಕೊಳ್ಳುವ ಬಗೆಯನ್ನು ಮನೆಯ ಹೆಂಗಸಿಗೂ ಮಗನಿಗೂ ತೋರಿಸಿಕೊಟ್ಟರೆ ಅದೇ ದೊಡ್ಡ ಧರ್ಮ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದೆಂಬದನ್ನು ಮಾತ್ರ ಮರೆಯದೆ ಹೇಳಿರಿ. ಕೈಮುಖ ಸುಟ್ಟುಕೊಂಡವರುಂಟು.

ಇನ್ನೊಂದು ಎಚ್ಚರಿಕೆ. ಪ್ರವಾದಿಯಾದ ಮಲಾಕಿಯನ ಕಾಲದಲ್ಲಿ ಜನರು ಕುಂಟಾದ, ಕುರುಡಾದ ಪಶುಗಳನ್ನು ಆರಿಸಿ ದೇವರಿಗೆ ಅರ್ಪಿಸಿದರು. ಅದನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟುನೋಡಿರಿ ಎಂದು ಪ್ರವಾದಿಯು ಅವರನ್ನು ಗದರಿಸಿದನು. ಬಿಟ್ಟಿ ಕೆಲಸವಲ್ಲವೇ ಎಂದು ಸವೆದ ಬ್ರೇಕ್ ಶೂವನ್ನೇ ತಿರುಗಿ ಹಾಕುವದೂ, ನೂಲು ಕಾಣುವ ಟೈರನ್ನು ಇನ್ನೂ ಓಡಲಿ ಎಂದು ಬಿಡುವದೂ ಇದೇ ಪಾಪ. ಆ ಗಾಡಿಯಲ್ಲಿ ಮಕ್ಕಳು ಕೂತು ಹೆದ್ದಾರಿಗೆ ಹೋಗುವರು; ಮುಳಬಾಗಿಲಿನ ಮಾರ್ಗದಲ್ಲಿ ಮದರಾಸಿಗೆ ಹೋಗುವ ಲಾರಿಗಳು ಹೇಗೆ ಬರುತ್ತವೆಂದು ಬಲ್ಲಿರಿ. ಬ್ರೇಕನ್ನು ಪೂರ್ತಿಯಾಗಿ ಸರಿಮಾಡಲಾಗದಿದ್ದರೆ, ಈ ಗಾಡಿಯನ್ನು ಓಡಿಸಬೇಡಿರಿ ಎಂದು ಹೇಳುವದೇ ಸಹಾಯ. ತಿಳಿಯದ ಕೆಲಸಕ್ಕೆ ಕೈ ಹಾಕುವದೂ ಬೇಡ. ೨೦೨೦ನೇ ಏಪ್ರಿಲ್ ೧ರಿಂದ ಬಿ.ಎಸ್. ೬ ಕಟ್ಟಳೆ ಬಂದ ಮೇಲಿನ ಗಾಡಿಗಳಲ್ಲಿ ದೋಷವನ್ನು ಹುಡುಕುವದಕ್ಕೆ ಅನೇಕ ಸಾರಿ ಸ್ಕ್ಯಾನರು ಬೇಕು. ಕಿವಿಯಿಂದ ಎಂಜಿನ್ನಿನ ಶಬ್ದ ಕೇಳಿ ಹೇಳುವ ವಿದ್ಯೆ ಅಲ್ಲಿ ಸಾಲದು. ಇದು ನನಗೆ ಬಾರದು ಎಂದು ಹೇಳಿ ಬಲ್ಲವನ ಬಳಿಗೆ ಕಳುಹಿಸುವವನು ಸತ್ಯವಂತನು.

ಕಷ್ಟವಾದ ಮಾತನ್ನು ಕಡೆಗೆ ಇಟ್ಟುಕೊಂಡಿದ್ದೇವೆ. ಆಜ್ಞೆಯಲ್ಲಿರುವದು ನಮ್ಮ ಸಹೋದರನ ಕತ್ತೆಯಲ್ಲ, ಹಗೆಯವನ ಕತ್ತೆ. ನಮ್ಮನ್ನು ಹೊಸ್ತಿಲೊಳಗೆ ಕರೆಯದವನ ಟ್ರ್ಯಾಕ್ಟರು, ಬಾವಿಯ ನೀರಿಗಾಗಿ ನಮ್ಮ ಹಿರಿಯರೊಡನೆ ಜಗಳವಾಡಿದವನ ಟೆಂಪೊ, ಕೆರೆಯ ಏರಿಯ ಮೇಲೆ ಕತ್ತಲೆಯಲ್ಲಿ ನಿಂತಿದೆ ಎಂದು ಎಣಿಸಿರಿ. ಶೆಡ್ಡಿನ ಬಾಗಿಲು ಹಾಕಿದೆ ಎಂದು ಹೇಳಿಬಿಡುವದು ಸುಲಭ, ಯಾರೂ ತಪ್ಪು ಹೊರಿಸರು. ಆದರೆ ದೇವರು ಆ ಮನುಷ್ಯನ ನಡತೆಯನ್ನು ವಿಚಾರಿಸಿ ಆಮೇಲೆ ಕತ್ತೆಯನ್ನು ಎಬ್ಬಿಸೆಂದು ಹೇಳಲಿಲ್ಲ. ಎಬ್ಬಿಸಿದ ಮೇಲೆ ನಮ್ಮ ಗುಡಿಗೆ ಬಾ ಎಂದು ಅವನನ್ನು ಕೇಳಬೇಕೆಂದೂ ಅಲ್ಲಿ ಬರೆದಿಲ್ಲ. ಸಹಾಯವನ್ನು ಗಾಳವಾಗಿ ಮಾಡುವವನು ಸಹಾಯವನ್ನೂ ಸುವಾರ್ತೆಯನ್ನೂ ಎರಡನ್ನೂ ಕೆಡಿಸುತ್ತಾನೆ.

ನಮ್ಮವರೊಳಗೆ ಮಾಡುವ ಸಹಾಯಕ್ಕೂ ಒಂದು ಮರ್ಯಾದೆ ಬೇಕು. ಗಂಡನು ತೀರಿಹೋದ ಮೇಲೆ ಅವನ ಲಗೇಜು ಆಟೋ ಮನೆಯ ಮುಂದೆ ಧೂಳು ಹಿಡಿದು ನಿಂತಿದ್ದರೆ, ಆ ತಾಯಿಯು ಶೆಡ್ಡಿನ ಮುಂದೆ ಬಂದು ಬೇಡಿಕೊಳ್ಳುವ ತನಕ ಕಾಯಬೇಡಿರಿ. ಸಭೆಯ ಹಿರಿಯರೊಬ್ಬರು ಮೆಕ್ಯಾನಿಕ್ಕನಿಗೆ ಗುಟ್ಟಾಗಿ ತಿಳಿಸಲಿ. ಇಂಥವಳಿಗೆ ಸಹಾಯ ಮಾಡಿದೆವೆಂದು ಪ್ರಸಂಗಪೀಠದಿಂದ ಪ್ರಕಟಿಸುವದು ಬೇಡ. ಲೆಕ್ಕದ ಪುಸ್ತಕದಲ್ಲಿ ಸಾಮಾನಿನ ಕ್ರಯವನ್ನು ಮಾತ್ರ ಬರೆದರೆ ಸಾಕು, ಹೆಸರು ಬೇಡ. ಗಾಡಿ ಸರಿಯಾದ ಮೇಲೆ ಬೆಳಗಿನ ಹಾಲಿನ ಹೊತ್ತಿಗೆ ಮುಂಚೆ ಅದನ್ನು ಅವಳ ಬಾಗಿಲ ಮುಂದೆ ನಿಲ್ಲಿಸಿ, ಬೀಗದ ಕೈಯನ್ನು ಮಗನ ಕೈಯಲ್ಲಿ ಕೊಟ್ಟು ಬನ್ನಿರಿ.