ಕಳೆದುಹೋದ ಕ್ರಿಯಾಪದ

ಬಾಗಲಕೋಟೆಯ ಕಾಲೇಜೊಂದರ ವಿಚಾರಸಂಕಿರಣದಲ್ಲಿ ಇಳಕಲ್ಲಿನ ನೇಕಾರಿಕೆಯ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕಿತ್ತು. ಸ್ಲೈಡುಗಳನ್ನು ನಾನು ಪವರ್‌ಪಾಯಿಂಟ್ ತೆರೆದು ಮಾಡುವವನಲ್ಲ. ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಸಾಲಿನ ಮೊದಲಿಗೆ ಹ್ಯಾಶ್ ಗುರುತು ಇಟ್ಟರೆ ಅದು ಸ್ಲೈಡಿನ ಶೀರ್ಷಿಕೆ, ಚಿಕ್ಕ ಗೆರೆ ಇಟ್ಟರೆ ಅದರಡಿಯ ಒಂದು ಅಂಶ. ಮೂರು ಕೋಲನ್ ಇಟ್ಟು ‘ನೋಟ್ಸ್’ ಎಂದು ಗುರುತಿಸಿದ ಭಾಗ ಪರದೆಗೆ ಬರುವುದಿಲ್ಲ, ಮಾತಾಡುವವನಿಗಷ್ಟೇ ಕಾಣುತ್ತದೆ. ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶಕ್ಕೆ ಈ ಕಡತ ಕೊಟ್ಟರೆ ಸ್ಲೈಡ್ ಸಿದ್ಧ. ಹಿಂದೊಮ್ಮೆ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿಕೊಂಡು ಹೋದ ನನ್ನ ಕನ್ನಡ ಸ್ಲೈಡುಗಳು ಬೇರೆಯವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿದ್ದವು. ಯೂನಿಕೋಡಿನ ಸಾದಾ ಪಠ್ಯಕ್ಕೆ ಆ ಭಯವಿಲ್ಲ. ಬಣ್ಣ, ಬಾಣ, ಹಾರಾಡುವ ಅಕ್ಷರಗಳಿಲ್ಲದ ಕಾರಣ ಇದೇ ಹೆಚ್ಚು ಪ್ರಾಮಾಣಿಕ ವಿಧಾನ ಎಂಬ ಸಣ್ಣ ಹಮ್ಮೂ ನನಗಿತ್ತು.

ಅಂದಿನ ನಾಲ್ಕನೆಯ ಸ್ಲೈಡ್ ಹೀಗಿತ್ತು:

ಕೈಮಗ್ಗಗಳ ಇಳಿಕೆ
– ವಿದ್ಯುತ್ ಮಗ್ಗಗಳ ಪೈಪೋಟಿ
– ಕಡಿಮೆ ಕೂಲಿ
– ಯುವಜನರ ನಿರಾಸಕ್ತಿ

ನಾನು ಮಾತಾಡಿಸಿ ಬಂದಿದ್ದ ನೇಕಾರ ಮನೆಯ ಹೆಣ್ಣುಮಗಳೊಬ್ಬರು ನನ್ನ ಕರೆಗೆ ಓಗೊಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಮಾತು ಮುಗಿದ ಮೇಲೆ ಕೇಳಿದರು: “ನಿರಾಸಕ್ತಿ ಅಂದ್ರ ಏನ್ರಿ ಸರ?”

“ಮನಸ್ಸಿಲ್ಲದಿರೋದು ರೀ ಅಕ್ಕಾರ.”

“ನನ್ನ ಮಗಗ ಮನಸ್ಸಿತ್ತರಿ. ನಾನ ಅವಂಗ ಮಗ್ಗದ ಕುಣ್ಯಾಗ ಇಳ್ಯಾಕ ಬಿಡಲಿಲ್ಲ. ನಿಮಗ ಹೇಳಿದ್ನೆಲ್ರಿ.”

ಹೇಳಿದ್ದರು. ಅವರ ಮಾತು ಅಕ್ಷರಶಃ ನನ್ನ ಕಡತದಲ್ಲೇ ಇತ್ತು, ಆ ಮೂರು ಕೋಲನ್ನುಗಳ ಕೆಳಗೆ. ಅದರ ಮೇಲೆ ನಾನೇ ಗೆರೆಯಿಟ್ಟು ‘ನಿರಾಸಕ್ತಿ’ ಎಂದು ಬರೆದಿದ್ದೆ.

ಇಂಥ ಹೊತ್ತಿನಲ್ಲಿ ಯಂತ್ರವನ್ನು ದೂರುವುದು ಸುಲಭ. 2003ರಲ್ಲಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿತೆಗೆದುಕೊಂಡ ಕೊಲಂಬಿಯಾ ನೌಕೆಯ ದುರಂತದ ತನಿಖಾ ವರದಿ, ನಾಸಾದ ಸ್ಲೈಡುಗಳ ಬಗ್ಗೆಯೂ ಆಕ್ಷೇಪ ಎತ್ತಿತ್ತು. ನೌಕೆಗೆ ಬಡಿದ ನೊರೆಯ ತುಂಡು ಪರೀಕ್ಷೆಗೆ ಬಳಸಿದ್ದಕ್ಕಿಂತ ನೂರಾರು ಪಟ್ಟು ದೊಡ್ಡದು ಎಂಬ ಸಂಗತಿ ಆ ಸ್ಲೈಡಿನ ತೀರಾ ಕೆಳಗಿನ ಉಪಅಂಶವಾಗಿ ಕೂತಿತ್ತು. ಆದರೆ ಅಲ್ಲಿಯೂ ಯಾರೋ ಒಬ್ಬರು ಅದನ್ನು ಕೆಳಗೆ ಕೂರಿಸಿದ್ದರು. ನನ್ನ ಎಡಿಟರಂತೂ ಏನನ್ನೂ ಕತ್ತರಿಸುವುದಿಲ್ಲ. ಯಾವುದು ಪರದೆಗೆ, ಯಾವುದು ನನಗೆ ಮಾತ್ರ ಎಂದು ಕಾಯುತ್ತದೆ, ಅಷ್ಟೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಸಾಲು ಉದ್ದವಾಯಿತೆಂದು ಮೊಟಕು ಮಾಡಹೊರಟರೆ ಮೊದಲು ಬೀಳುವುದು ಅದೇ. ಅದು ಹೋದ ಮೇಲೆ ಕರ್ತೃವಿಗೆ ನೆಲೆಯಿಲ್ಲ, ‘ನಾನು’ ಕೂಡ ಹೊರಟುಹೋಗುತ್ತದೆ. ಇಳಿಕೆ, ಪೈಪೋಟಿ, ನಿರಾಸಕ್ತಿ: ಎಲ್ಲ ನಾಮಪದಗಳು, ಯಾರೂ ಏನೂ ಮಾಡಿಲ್ಲ. ಹಾಗೆಂದು ಜವಾಬ್ದಾರಿ ಮಾಯವಾಗುವುದಿಲ್ಲ. ಸಭೆಯಲ್ಲಿ ಇಲ್ಲದವನ ತಲೆಗೆ ಹೋಗಿ ಕೂರುತ್ತದೆ. ಅಂದು ಅದು ಆ ಹುಡುಗನ ತಲೆಗೆ ಕೂತಿತು.

ಚಿಕ್ಕದಾಗಿ ಹೇಳಿದ್ದೇ ತಪ್ಪಾಯಿತೇ? ಹಾಗೆನ್ನಲಾರೆ. ಬಾದಾಮಿಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳನ್ನು ನೋಡಿ. ಕಲ್ಲಿನಲ್ಲಿ ಕೊರೆಯುವವನಿಗೆ ನನ್ನ ಸ್ಲೈಡಿಗಿಂತ ಜಾಗದ ಬಡತನ ಹೆಚ್ಚು. ಆದರೂ ಈತ ಒಳ್ಳೆಯವರಿಗೆ ಏನು, ಕಾಡುವವರಿಗೆ ಏನು ಎಂಬ ಆ ‘ಗೆ’ಯನ್ನು ಅಲ್ಲಿ ಬಿಟ್ಟುಕೊಟ್ಟಿಲ್ಲ. ಯಾರಿಗೆ ಯಾರು ಎಂಬ ಸಂಬಂಧ ಅಷ್ಟು ಇಕ್ಕಟ್ಟಿನಲ್ಲೂ ಉಳಿದಿದೆ.

ನನ್ನ ಪಟ್ಟಿಯಲ್ಲಿ ಸಂಬಂಧವೇ ಇರಲಿಲ್ಲ. ಎರಡನೆಯ ಅಂಶ ಮೂರನೆಯದಕ್ಕೆ ಕಾರಣ. ಕೂಲಿ ಸಾಲದ್ದರಿಂದಲೇ ತಾಯಿ ಮಗನನ್ನು ತಡೆದದ್ದು. ಆ ‘ಇಂದ’ ಬಿದ್ದುಹೋಗಿ ಎರಡೂ ಅಕ್ಕಪಕ್ಕದ ಮನೆಯವರಂತೆ ನಿಂತಿದ್ದವು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎಳೆಗೆ ಎಳೆ ಕೊಂಡಿ ಹಾಕಿ ಅವನ್ನು ಕೂಡಿಸುತ್ತಾರೆ. ಅದರ ಬಗ್ಗೆಯೇ ಮೂರು ಸ್ಲೈಡ್ ತೋರಿಸಿ ಬಂದಿದ್ದೆ.

ತಾಯಿಯ ಅಳಲನ್ನು ಪರದೆಗೆ ಎಳೆಯಬಾರದೆಂಬ ಸಂಕೋಚದಿಂದ ಅದನ್ನು ಟಿಪ್ಪಣಿಯಲ್ಲೇ ಉಳಿಸಿದೆ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಅದಲ್ಲ. ಆ ವಾಕ್ಯ ಉಳಿದ ಎರಡು ಸಾಲುಗಳ ಅಳತೆಗೆ ಒಗ್ಗಲಿಲ್ಲ, ಅಷ್ಟೆ. ಸಂಕೋಚದ ಪ್ರಶ್ನೆ ನನಗೆ ಹೊಳೆದದ್ದು ಆಮೇಲೆ. ಹಾಗಾಗಿ ಸಾಲನ್ನು ತಿದ್ದಿ, ಅವರಿಗೆ ಫೋನು ಮಾಡಿ ಓದಿದೆ: “ಕೂಲಿ ಸಾಲದ್ದರಿಂದ ನಾನೇ ಮಗನನ್ನು ಮಗ್ಗಕ್ಕೆ ಬಿಡಲಿಲ್ಲ – ಒಬ್ಬ ತಾಯಿ.” ಹಾಕಬಹುದೇ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಕ್ರಿ. ಆದ್ರ ಬಿಡಲಿಲ್ಲ ಅನಬ್ಯಾಡ್ರಿ. ಬಿಡಾಕ ಆಗಲಿಲ್ಲ ಅಂತ ಬರೀರಿ.”

ಬರೆದೆ. ಸಾಲು ಈಗ ಸ್ಲೈಡಿನ ಅಗಲ ಮೀರಿ ಕೆಳಗಿನ ಸಾಲಿಗೆ ಇಳಿಯುತ್ತದೆ.